ಖಾಲಿಯಲ್ಲಿ ಬಿದ್ದ ಟಕ್

ನಾನು ಒಂದು ಫ್ಯಾನ್. ಅಭಿಮಾನಿ ಎಂದುಕೊಳ್ಳಬೇಡಿ, ಸ್ಟೂಲಿನ ಮೇಲೆ ಕೂತು ಗಾಳಿ ಬೀಸುವ ಜಾತಿ. ಇನ್ನೊಂದು ಜಾತಿಯ ಫ್ಯಾನುಗಳೂ ಈ ಕಥೆಯಲ್ಲಿ ಬರುತ್ತಾರೆ. ಗಾಳಿ ಬಂದ ಕಡೆ ತಿರುಗುವುದು ಅವರ ಗುಣ, ತಿರುಗಿದ ಕಡೆ ಗಾಳಿ ಕೊಡುವುದು ನನ್ನದು.

ಹುಟ್ಟಿದ್ದು ಕಲ್ಕತ್ತೆಯ ಒಂದು ಕಾರ್ಖಾನೆಯಲ್ಲಿ. ಮೂರು ರೆಕ್ಕೆ, ತಿಳಿ ಹಸಿರು ಮೈ, ಬುಡದಲ್ಲಿ ರೇಡಿಯೊದ ಹಾಗೆ ನಯವಾಗಿ ತಿರುಗುವ ವೇಗದ ಗುಂಡಿ, ಕತ್ತಿನ ಹಿಂದೆ ಹಲ್ಲಿನ ಚಕ್ರಗಳ ಪುಟ್ಟ ಪೆಟ್ಟಿಗೆ. ಆ ಚಕ್ರಗಳ ದಯೆಯಿಂದಲೇ ನಾನು ಅತ್ತ ಇತ್ತ ತಿರುಗುವುದು. ರೈಲಿನಲ್ಲಿ ಹುಬ್ಬಳ್ಳಿಗೆ ಬಂದೆ. ನನ್ನನ್ನು ಕೊಂಡವರು ಮಾಲತಿಬಾಯಿ, ಮನೆಯಲ್ಲಿ ಹಿಂದೂಸ್ತಾನಿ ಗಾಯನ ಕಲಿಸುವವರು. ಹಾರ್ಮೋನಿಯಂ ಪಕ್ಕದಲ್ಲಿ ಕೂತು ಎಷ್ಟೋ ರಾಗ ಕೇಳಿದೆ. ಹೆಚ್ಚಿನವು ಅರ್ಧಕ್ಕೆ ನಿಂತವು.

ಅವರ ಮಗ ಪ್ರಹ್ಲಾದ, ಗೆಳೆಯರ ಬಾಯಲ್ಲಿ ಪಲ್ಯಾ. ಒಂದು ದಿನ ಬ್ಯಾಡ್ಮಿಂಟನ್ ಬ್ಯಾಟನ್ನೇ ಗಿಟಾರ್ ಮಾಡಿಕೊಂಡು ಕುಣಿಯುತ್ತ ನನ್ನನ್ನು ಕೆಡವಿದ. ಚಕ್ರದ ಒಂದು ಹಲ್ಲು ಮುರಿಯಿತು. ಅಂದಿನಿಂದ ಪ್ರತಿ ಸುತ್ತಿಗೊಮ್ಮೆ ನನ್ನ ಕತ್ತು 'ಟಕ್' ಎನ್ನುತ್ತದೆ.

ಮಾಲತಿಬಾಯಿ ಬೆರಳು ಮಡಿಸಿ ಎಣಿಸಿದರು. "ಗುಂಡಿ ಎರಡರಾಗ ಇಟ್ರ ಸರಿಯಾಗಿ ಏಳಕ್ಕ ಬರ್ತದ. ರೂಪಕ ತಾಳ. ಇರ್ಲಿ ಬಿಡು, ತಬಲಾದವ ಕೈ ಕೊಟ್ಟಾಗ ಇದ ಆತು."

ರೂಪಕಕ್ಕೆ ಏಳು ಮಾತ್ರೆ. ಮೊದಲನೆಯ ಮಾತ್ರೆಗೆ ಚಪ್ಪಾಳೆಯಿಲ್ಲ, ಬರಿಗೈ ಬೀಸಬೇಕು. ಅದಕ್ಕೆ ಖಾಲಿ ಎನ್ನುತ್ತಾರೆ. ನನ್ನ ಟಕ್ ಬೀಳುತ್ತಿದ್ದುದು ಅಲ್ಲಿಯೇ. ಬೀಸುವುದು ನನ್ನ ಕಸುಬಾದ್ದರಿಂದ ನನಗೇನೂ ಕಷ್ಟವಾಗಲಿಲ್ಲ.

ಪಲ್ಯಾ ಕಾಲೇಜು ಸೇರಿ ಬ್ಯಾಂಡ್ ಕಟ್ಟಿದ. ಪ್ರೊಗ್ರೆಸಿವ್ ರಾಕ್ ಎಂದರು. ನನಗೆ ತಿಳಿದ ಮಟ್ಟಿಗೆ, ಹಾಡು ಮುಗಿಯಿತೆಂದು ಜನ ಚಪ್ಪಾಳೆಗೆ ಕೈ ಎತ್ತಿದಾಗ ಇನ್ನೂ ಹನ್ನೊಂದು ನಿಮಿಷ ಬಾಕಿ ಇರುವ ಸಂಗೀತ ಅದು. ಬ್ಯಾಂಡಿನ ಹೆಸರು 'ಸಾಡೇಸಾತಿ', ಅಂದರೆ ಶನಿಯ ಏಳೂವರೆ ವರ್ಷದ ಕಾಟ. ಹೆಸರಿನ ಬಗ್ಗೆ ನೆರೆಹೊರೆಯವರ ತಕರಾರೇನೂ ಇರಲಿಲ್ಲ.

ಮೊದಲ ಕ್ಯಾಸೆಟ್ಟಿನ ಕೊನೆಗೆ ನಾಲ್ಕು ನಿಮಿಷ ಜಾಗ ಉಳಿಯಿತು. ಅಷ್ಟು ಚಿಕ್ಕ ಹಾಡು ಅವರ ಬಳಿ ಇರಲಿಲ್ಲ. ಪಲ್ಯಾ ಏಳು ಮಾತ್ರೆಯಲ್ಲಿ, ಬರೀ ಗಿಟಾರಿನ ಒಂದು ಹಾಡು ಕಟ್ಟಿದ, 'ಅತ್ತ ಇತ್ತ'. ಮನೆಯಲ್ಲೇ ರೆಕಾರ್ಡಿಂಗ್. ಮೇ ತಿಂಗಳು, ಬೀದಿಯ ಸದ್ದು ಬಾರದಂತೆ ಕಿಟಕಿಗಳಿಗೆಲ್ಲ ಕೌದಿ ಹೊದಿಸಿದ್ದರು. ರೈಲ್ವೆ ಕಾಲೊನಿಯ ಸೊಲೊಮನ್, ಬ್ಯಾಂಡಿನ ಡ್ರಮ್ಮರ್, ಲೂನಾದಿಂದ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಿದ್ದ.

"ನಾ ಏನ್ ಮಾಡ್ಲಿ?"

"ನೀ ಸುಮ್ನ ಕುಂಡ್ರು. ಇದ್ರಾಗ ಡ್ರಮ್ಸ್ ಇಲ್ಲ."

"ಹಾಡಿಗೆ ಬ್ಯಾಡಂತ ಇಲ್ಲೋ, ನನ್ನ ಕೈ ಇಲ್ಲಂತ ಇಲ್ಲೋ?"

ಪಲ್ಯಾ ತಂತಿ ಬಿಗಿಮಾಡುವುದರಲ್ಲಿ ಬಹಳ ಮಗ್ನನಾದ.

ನನ್ನನ್ನು ನಿಲ್ಲಿಸಿ ಎರಡು ಸಲ ಹಾಡಿ ನೋಡಿದರು. ಬೆವರಿಗೆ ಬೆರಳು ಜಾರಿತು. "ಫ್ಯಾನ್ ಹಚ್ರೋ, ಹಾಡಿಗಿಂತ ಮೊದ್ಲ ನೀವ ಬೇಯ್ತೀರಿ" ಎಂದರು ಮಾಲತಿಬಾಯಿ. ಸೊಲೊಮನ್ ನನ್ನ ಪಕ್ಕದಲ್ಲಿ ಕೂತು ಎಡಗೈಯಿಂದ ಗುಂಡಿಯನ್ನು ಎರಡಕ್ಕೆ ತಿರುಗಿಸಿದ. ಪಲ್ಯಾ ಕಣ್ಣು ಮುಚ್ಚಿ ಹಾಡಿದ. ಅಂದು ಕರೆಂಟ್ ಏರುತ್ತ ಇಳಿಯುತ್ತ ಇತ್ತು. ನಾನು ತಾಳದಲ್ಲಿ ಹಿಂದೆ ಬಿದ್ದಾಗಲೆಲ್ಲ ಸೊಲೊಮನ್ನನ ಬೆರಳು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿತ್ತು. ಮೂವತ್ತೆರಡು ಟಕ್, ಒಂದೂ ತಪ್ಪಲಿಲ್ಲ. ಇದು ಗೊತ್ತಿದ್ದದ್ದು ಅವನಿಗೆ ಮತ್ತು ನನಗೆ.

ಕ್ಯಾಸೆಟ್ಟಿನ ಮೇಲೆ ಅಚ್ಚಾಯಿತು: 'ಅತ್ತ ಇತ್ತ – ಡ್ರಮ್ಸ್ ಇಲ್ಲ.'

ಫ್ಯಾನುಗಳು ಆ ಹಾಡನ್ನು ಕೇಳದೆ ಕ್ಯಾಸೆಟ್ ಮುಂದಕ್ಕೆ ಓಡಿಸಿಬಿಡುತ್ತಿದ್ದರು. "ಬ್ಯಾಂಡಿನವ್ರು ಊಟಕ್ಕ ಹೋದಾಗ ಮಾಡಿದ್ದಿರಬೇಕು" ಎಂದು ಒಬ್ಬ ಸೊಲೊಮನ್ನನ ಎದುರೇ ಹೇಳಿದ.

ಮೂರನೆಯ ಕ್ಯಾಸೆಟ್ಟಿಗೆ ಬ್ಯಾಂಡ್ ಒಡೆಯಿತು. ಪಲ್ಯಾ ಗಿಟಾರ್ ಕಲಿಸಲು ಪುಣೆಗೆ ಹೋದ, ತಾಯಿಯೂ ಹೊರಟರು. ಸೊಲೊಮನ್ ಹುಬ್ಬಳ್ಳಿಯಲ್ಲೇ, ಕೇಶ್ವಾಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ. ಮಾಲತಿಬಾಯಿ ನನ್ನನ್ನು ಅವನಿಗೆ ಕೊಟ್ಟು, "ಚಕ್ರ ಒಂದು ಬದಲಿ ಮಾಡ್ಸು, ಸುಮ್ನಾಗ್ತದ" ಎಂದರು.

ಅವನ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಚಕ್ರಗಳಿದ್ದವು. ನನ್ನ ಅಳತೆಯದೂ ಇತ್ತು. ನನ್ನ ಸುರುಳಿ ಎರಡು ಸಲ ಸುತ್ತಿದ, ಎಣ್ಣೆ ಬಿಟ್ಟ, ಬಣ್ಣ ಹಚ್ಚಿದ. ಚಕ್ರ ಮಾತ್ರ ಮುಟ್ಟಲಿಲ್ಲ.

"ಪಪ್ಪಾ, ಊರವರ ಫ್ಯಾನೆಲ್ಲ ರಿಪೇರಿ ಮಾಡ್ತಿ. ನಮ್ಮದು ನೋಡು, ಟಕ್ ಟಕ್" ಎಂದು ಮಗಳು ಎಸ್ತೇರ್ ರೇಗಿಸುತ್ತಿದ್ದಳು.

"ಅದಕ್ಕೇನೂ ಆಗಿಲ್ಲ ಬಿಡವ್ವಾ."

ಇಪ್ಪತ್ತೈದು ವರ್ಷ ಕಳೆದ ಮೇಲೆ, ಎಸ್ತೇರ್ ಒಂದು ದಿನ ಮೊಬೈಲ್ ಹಿಡಿದು ಅಂಗಡಿಗೆ ಬಂದಳು. ಯಾರೋ 'ಅತ್ತ ಇತ್ತ'ವನ್ನು ಇಂಟರ್ನೆಟ್ಟಿಗೆ ಹಾಕಿದ್ದರು. ಅಂದು ಓಡಿಸಿದವರೇ ಇಂದು ಅದನ್ನು ಸಾಡೇಸಾತಿಯ ಅತ್ಯುತ್ತಮ ಹಾಡು ಎನ್ನುತ್ತಿದ್ದರು. ಅವಳು ಓದಿ ಹೇಳಿದಳು: "ಆ ಟಕ್ ಕಾಲದ ಹೆಜ್ಜೆ ಸಪ್ಪಳ ಅಂತ. ಇಲ್ಲೊಬ್ಬಾವ ಟೈಪ್‌ರೈಟರ್ ಅಂತಾನ. ಇನ್ನೊಬ್ಬಾವಗ ಅದು ಸಾವಂತ ಪಪ್ಪಾ."

ಸೊಲೊಮನ್ ನನ್ನ ಕಡೆ ನೋಡಿದ. "ಸಾವು ಎರಡರಾಗ ತಿರಗಾಕತ್ತದ ನೋಡು."

ವಾರದೊಳಗೆ ಪಲ್ಯಾನೇ ಬಂದ. ಹಾಡನ್ನು ಹೊಸದಾಗಿ ಹೊರತರಲಿದ್ದ, ಹಳೆಯ ರೆಕಾರ್ಡಿಂಗಿನ ಬೇಡದ ಸದ್ದನ್ನೆಲ್ಲ ಕಂಪ್ಯೂಟರಿನಲ್ಲಿ ತೊಳೆಸಿಕೊಂಡು ತಂದಿದ್ದ. "ಅದೊಂದು ಟಕ್ ಇತ್ತಲ್ಲ, ಪೂರಾ ತೆಗ್ಸೀನಿ. ನಾಳೆ ಹೊರಗ ಬಿಡೋದು."

ಸೊಲೊಮನ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. ಆ ಹಾಡಿನಲ್ಲಿ ಅವನದೆಂದು ಇದ್ದದ್ದು ಅದೊಂದೇ. "ಕೇಳಸು" ಎಂದಷ್ಟೇ ಅಂದು, ನನ್ನನ್ನು ನಿಲ್ಲಿಸಿದ.

ಹಾಡು ಸ್ವಚ್ಛವಾಗಿತ್ತು. ಪ್ರತಿ ಸಾಲಿನ ಮೊದಲು ಮಾತ್ರ ಗಾಯಕ ಏಕೋ ನಿಲ್ಲುತ್ತಿದ್ದ, ಹೆಸರು ಮರೆತವನ ಹಾಗೆ. ಪಲ್ಯಾನ ಹುಬ್ಬು ಗಂಟಾಯಿತು. "ನಾ ಇಲ್ಲಿ ಯಾರ ದಾರಿ ಕಾಯಾಕತ್ತೀನಿ?"

ಸೊಲೊಮನ್ ನನ್ನನ್ನು ಎರಡಕ್ಕೆ ಹಚ್ಚಿದ. "ನಾ ಹೂಂ ಅಂದಾಗ ಮೊದಲಿಂದ ಬಿಡು."

ಟಕ್ ಬಿತ್ತು, ಸಾಲು ಎದ್ದಿತು. ಮುದಿ ಮೋಟಾರು ನನ್ನದು, ನಡುವೆ ತುಸು ಕುಂಟಿತು. ಹಳೆಯ ಬೆರಳು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿತು. ಈ ಸಲ ಪಲ್ಯಾನ ಕಣ್ಣು ತೆರೆದಿತ್ತು.

"ಅವತ್ತೂ ಹಿಂಗ ಮಾಡಿದ್ಯೇನ್ಲೇ?"

"ಕರೆಂಟ್ ಏರುಪೇರು ಆಗ್ತಿತ್ತು."

"ಒಂದ್ ಮಾತು ಹೇಳ್ಬಾರದಿತ್ತಾ?"

"ನೀ ಸುಮ್ನ ಕುಂಡ್ರು ಅಂದಿದ್ದಿ."

ಹಾಡು ಮುಗಿಯಿತು. ಪಲ್ಯಾ ಹೊರಗೆ ಹೋಗಿ, ಟಕ್ ಮರಳಿ ಹಾಕಿರೆಂದು ಹೇಳಲು ಪುಣೆಯ ಸ್ಟುಡಿಯೊಗೆ ಫೋನ್ ಹಚ್ಚಿದ.

ಹೊಸ ಹಾಡಿನ ಕೆಳಗೆ ಈಗ ಬರೆದಿದೆ: 'ತಾಳ – ಸೊಲೊಮನ್.' ನನ್ನ ಹೆಸರಿಲ್ಲ. ತಬಲಾದ ಹೆಸರನ್ನು ತಾನೆ ಯಾರು ಹಾಕುತ್ತಾರೆ? ಫ್ಯಾನನ್ನು ನೋಡಲು ಫ್ಯಾನುಗಳು ಬರುತ್ತಾರೆ, ಸೊಲೊಮನ್ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಟಕ್ ಎಂದಾಗ ಕಣ್ಣು ಮುಚ್ಚುತ್ತಾರೆ. ಅಂದು ಊಟದ ಮಾತಾಡಿದವನೂ ಬಂದಿದ್ದ. ಅವನಿಗೂ ಗಾಳಿ ಕೊಟ್ಟೆ.

ಈಗ ಅಂಗಡಿಯ ಮೂಲೆಯಲ್ಲಿ ದಿನಕ್ಕೆ ಒಂದು ಗಳಿಗೆ ತಿರುಗುತ್ತೇನೆ. ಕೆಡವಿದವನ ಮೇಲೆ ನನಗೆ ಸಿಟ್ಟಿಲ್ಲ. ಎಣಿಸಿದ ತಾಯಿಗೆ ಶರಣು. ಎಲ್ಲರಿಗಿಂತ ಹೆಚ್ಚಿನ ಋಣ ಸೊಲೊಮನ್ನನದು. ಊರಿನ ಫ್ಯಾನುಗಳನ್ನೆಲ್ಲ ರಿಪೇರಿ ಮಾಡಿದವನು, ನನಗೇನೂ ಆಗಿಲ್ಲ ಎಂದ.