ಲಾರಿಯ ಗುದ್ದು, ಕುಂಬಳಕಾಯಿಯ ಗುದ್ದು

ದೇವರು ದೊಡ್ಡವನು. ನಂಗಲಿಯ ಹೆದ್ದಾರಿಯಲ್ಲಿ ಟೊಮೆಟೊ ಲಾರಿಯೊಂದು ಶ್ರೀರಾಮಪ್ಪನ ಕಾರಿಗೆ ಹಿಂದಿನಿಂದ ಗುದ್ದಿದಾಗ, ಒಳಗಿದ್ದ ಗಂಡ ಹೆಂಡತಿಗೆ ಒಂದು ಗೀರೂ ಬೀಳಲಿಲ್ಲ. ಕಾರಿನ ಹಿಂಭಾಗ ಮಾತ್ರ ತುಳಿದ ತಗಡಿನ ಡಬ್ಬಿಯಂತಾಯಿತು.

ಮಾಲೂರಿನಲ್ಲಿದ್ದ ಮಗಳು ಸುನಂದಳಿಗೆ ಎಂಟು ತಿಂಗಳು. ಹೆರಿಗೆಗೆ ಕರೆತರಲು ಮುಂದಿನ ಬುಧವಾರದ ನಂತರದ ಬುಧವಾರ ಒಳ್ಳೆಯ ದಿನವೆಂದು ಗೊತ್ತಾಗಿತ್ತು. ‘ನಮ್ಮ ಸ್ವಂತ ಕಾರಲ್ಲೇ ಬರ್ತೀವಿ’ ಎಂದು ಶ್ರೀರಾಮಪ್ಪನ ಹೆಂಡತಿ ಬೈರಮ್ಮ ಬೀಗರಿಗೆಲ್ಲ ಹೇಳಿಕೊಂಡಿದ್ದಳು. ಇನ್ಶೂರೆನ್ಸಿನವರು ಒಪ್ಪದೆ ರಿಪೇರಿಗೆ ಕೈ ಹಾಕುವುದಿಲ್ಲವೆಂದು ಗ್ಯಾರೇಜಿನವನು ಫೋನಿನಲ್ಲೇ ಕಡ್ಡಿ ಮುರಿದಂತೆ ಹೇಳಿದ. ಶ್ರೀರಾಮಪ್ಪನ ಕೈಯಲ್ಲೂ ಅಷ್ಟು ದುಡ್ಡಿರಲಿಲ್ಲ.

ಮಾಲೂರಿನಿಂದ ಕೋಲಾರಕ್ಕೆ ಓಡಾಡುತ್ತಾ ಇನ್ಶೂರೆನ್ಸ್ ಏಜೆಂಟನಾಗಿದ್ದ ಸುನಂದಳ ಗಂಡ ಮುರಳಿಮೋಹನ್ ಫೋನಿನಲ್ಲಿ ಒಂದೊಂದಾಗಿ ಬಿಡಿಸಿ ಹೇಳಿದ್ದ. “ಮಾವ, ಕಾರು ಹೆಂಗಿದೆಯೋ ಹಂಗೇ ಫೋಟೊ ತೆಗೀರಿ. ಲಾರಿ ನಂಬರ್ ಬರ್ಕೊಳ್ಳಿ. ಸ್ಟೇಷನ್‌ಗೊಂದು ಕಂಪ್ಲೇಂಟ್ ಕೊಡಿ. ಕಂಪನಿ ಸರ್ವೇಯರ್ ಬಂದು ಡ್ಯಾಮೇಜ್ ನೋಡೋವರ್ಗೂ ಒದ್ದೆ ಬಟ್ಟೇಲೂ ಒರೆಸ್ಬೇಡಿ.”

“ಅವನ್ಗೇನು ಗೊತ್ತು?” ಎಂದಳು ಬೈರಮ್ಮ. “ದೃಷ್ಟಿ ತೆಗೀದೆ ಏಟು ಬಿದ್ದ ಗಾಡಿ ಊರೊಳಕ್ಕೆ ಬರ್ತದಾ?”

ಬರುವುದಿಲ್ಲ. ಹಿರಿಯರು ಹಾಕಿದ ದಾರಿ. ಕಾರು ಕುಂಟುತ್ತಾ ಊರ ಬಾಗಿಲಿಗೆ ಬಂದು ನಿಂತಿತು. ಅದರ ಹಿಂದೆಯೇ ತಲೆ ತಗ್ಗಿಸಿಕೊಂಡು ಲಾರಿಯೂ ಬಂತು. ಡ್ರೈವರ್ ವೆಂಕಟ್ ಆಂಧ್ರದ ಪಲಮನೇರಿನವನು, ದೈವಭಕ್ತ. “ತಪ್ಪೈಪೋಯಿಂದನ್ನಾ, ತಪ್ಪಾಯ್ತಣ್ಣಾ” ಎಂದು ಕೈಮುಗಿದವನೇ, ಕುಂಬಳಕಾಯಿಯ ದುಡ್ಡು ತಾನೇ ಕೊಟ್ಟ. ಇಂಥವನ ಮೇಲೆ ಯಾರು ತಾನೇ ಸಿಟ್ಟಾಗುತ್ತಾರೆ?

ಅರಿಶಿನದ ನೀರಲ್ಲಿ ಕಾರನ್ನು ಮೂರು ಸಲ ತೊಳೆದರು. ತಗ್ಗಿಗೆಲ್ಲ ವಿಭೂತಿ ಮೆತ್ತಿದರು. ಒಡೆದ ಗಾಜನ್ನು ಗುಡಿಸಿ ಮೂರು ದಾರಿ ಕೂಡುವಲ್ಲಿ ಚೆಲ್ಲಿ ಬಂದರು. ಊರ ಹಿರಿಯ ಅಶ್ವತ್ಥಪ್ಪನಿಗೆ ಕಣ್ಣಲ್ಲಿ ಪೊರೆ. ಆದರೂ ಕುಂಬಳಕಾಯಿ ಒಡೆಯುವ ಮರ್ಯಾದೆ ಅವನದೇ. ಅವನು ಕಾಯನ್ನು ಮೂರು ಸುತ್ತು ನಿವಾಳಿಸಿ, ದೇವರನ್ನು ನೆನೆದು, ನೆಲಕ್ಕೆಂದು ಎತ್ತಿ ಒಗೆದ. ಅದು ಹೋಗಿ ಬಾನೆಟ್ಟಿನ ಮೇಲೆ ಬಿತ್ತು. ಅಲ್ಲಿಯವರೆಗೆ ಕಾರಿನ ಮುಂಭಾಗ ಹೊಸದರಂತಿತ್ತು.

“ದೃಷ್ಟಿ ಬಲವಾಗಿತ್ತು ಕಣ್ರೋ” ಎಂದ ಅಶ್ವತ್ಥಪ್ಪ.

ವೆಂಕಟನಿಗೆ ಮುದ್ದೆ, ಅವರೇಕಾಳು ಸಾರು ಬಡಿಸಿ, ಎಲೆ ಅಡಿಕೆ ಕೊಟ್ಟು ಬೀಳ್ಕೊಟ್ಟರು.

ಮೂರನೇ ದಿನ ಸರ್ವೇಯರ್ ಗಂಗಾಧರ್ ಬಂದರು. ಊರಿನ ಅರ್ಧ ಜನ ಕಾರಿನ ಸುತ್ತ ನೆರೆದರು.

“ಫೋಟೊ?”

ಬೈರಮ್ಮ ಹೆಮ್ಮೆಯಿಂದ ಮೊಬೈಲು ಚಾಚಿದಳು. ಹದಿನೆಂಟು ಜನ ಸಾಲಾಗಿ ನಿಂತು ನಗುತ್ತಿದ್ದರು. ಅವರ ಹಿಂದೆ ಎಲ್ಲೋ ಕಾರಿತ್ತು.

“ಇದ್ರಲ್ಲಿ ಡ್ಯಾಮೇಜ್ ಎಲ್ಲಮ್ಮಾ?”

“ನಮ್ಮ ಸೊಣ್ಣಪ್ಪ ಅಡ್ಡ ನಿಂತವ್ನೆ ಸಾರ್. ಅವನ ಹಿಂದ್ಗಡೆ.”

“ಲಾರಿ ನಂಬರ್?”

“ನಂಬರ್ ಗೊತ್ತಿಲ್ಲ ಸಾರ್” ಎಂದ ಶ್ರೀರಾಮಪ್ಪ. “ಹೆಸರು ವೆಂಕಟ್. ಪಲಮನೇರು. ಇಬ್ಬರು ಹೆಣ್ಮಕ್ಕಳು. ತಾಯಿಗೆ ಮಂಡಿ ನೋವು.”

“ಅವನ್ಗೆ ಸಕ್ಕರೆ ಕಾಯಿಲೆನೂ ಐತೆ” ಎಂದು ಬೈರಮ್ಮ ಸೇರಿಸಿದಳು. “ಅದ್ಕೇ ಪಾಯಸ ಬಡಿಸ್ಲಿಲ್ಲ.”

“ಗುದ್ದಿದವನಿಗೆ ಊಟ ಹಾಕಿ ಕಳಿಸಿದ್ರಾ?”

“ಹಸಿದಿದ್ದ ಸಾರ್.”

ಗಂಗಾಧರ್ ಏನೂ ಬರೆಯಲಿಲ್ಲ. ತೊಳೆದ ಕಾರನ್ನು ಸುತ್ತಿದರು. ಹಿಂದಿನ ತಗ್ಗನ್ನು ಬೆರಳಿಂದ ಕೆರೆದಾಗ ವಿಭೂತಿ ಉದುರಿತು. ಮುಂದೆ ಬಂದು ನಿಂತರು. “ಹಿಂದಿನಿಂದ ಗುದ್ದಿದ್ರೆ ಬಾನೆಟ್ ಯಾಕೆ ಬಗ್ಗಿದೆ?”

ಪಕ್ಕದ ಮನೆಯ ಸೊಣ್ಣಪ್ಪ ಮುಂದೆ ನುಗ್ಗಿದ. “ಹಿಂದೆ ಗುದ್ದಿ, ಮುಂದಕ್ಕೋಗಿ ಕಂಬಕ್ಕೆ ಹೊಡೀತು ಸಾರ್. ಈ ಎರಡು ಕಣ್ಣಲ್ಲಿ ನೋಡಿದೀನಿ.” ಲಾರಿ ಗುದ್ದಿದ ಹೊತ್ತಿಗೆ ಅವನು ಕೋಲಾರದ ಮಾರುಕಟ್ಟೆಯಲ್ಲಿದ್ದ, ಊರಿಗೆ ಬಂದದ್ದು ಕುಂಬಳಕಾಯಿ ಒಡೆಯುವ ಹೊತ್ತಿಗೆ. ಅವನ ಹಿಂದೆ ಇನ್ನೂ ಆರು ಜನ ನೋಡಿದವರು ಹುಟ್ಟಿಕೊಂಡರು. ಒಬ್ಬನಿಗೆ ಕಂಬ, ಒಬ್ಬನಿಗೆ ಹುಣಸೆಮರ, ಇನ್ನೊಬ್ಬನಿಗೆ ಎಮ್ಮೆ.

“ಹೌದೇನ್ರೀ ಶ್ರೀರಾಮಪ್ಪ?”

ಶ್ರೀರಾಮಪ್ಪ ಹೂಂ ಅಂದರೆ ಕಂಬವೋ ಎಮ್ಮೆಯೋ ಯಾವುದೋ ಒಂದು ಅವನನ್ನು ಕಾಪಾಡುತ್ತಿತ್ತು. ಊಹೂಂ ಅಂದರೆ ಇಡೀ ಕ್ಲೇಮೇ ಸುಳ್ಳೆಂದು ಬರೆದಾರು, ಮಗಳು ಬಾಡಿಗೆ ಗಾಡಿಯಲ್ಲಿ ಬರಬೇಕಾದೀತು. ಆದರೆ ದೃಷ್ಟಿ ತೆಗೆಯುವಾಗ ದೇವರ ಹೆಸರು ಹೇಳಿದ್ದರು. ಆ ಕೆಲಸವನ್ನು ಕಂಬದ ಲೆಕ್ಕಕ್ಕೆ ಬರೆಸುವುದು ಹೇಗೆ?

“ಇಲ್ಲ ಸಾರ್. ಹಿಂದಿಂದು ಲಾರಿದು. ಇದು ಕುಂಬಳಕಾಯಿದು.”

ಸಾಕ್ಷಿಗಳೆಲ್ಲ ಹಣೆ ಹಣೆ ಚಚ್ಚಿಕೊಂಡರು. “ಥೂ, ಬುದ್ಧಿ ಇಲ್ವೇನ್ಲಾ ನಿನ್ಗೆ” ಎಂದ ಸೊಣ್ಣಪ್ಪ.

ಗಂಗಾಧರ್ ಕನ್ನಡಕ ತೆಗೆದು ಒರೆಸಿಕೊಂಡರು. “ಹದಿನೇಳು ವರ್ಷದಿಂದ ಗಾಡಿ ನೋಡ್ತಿದೀನಿ. ಈ ತಗ್ಗು ಆಕ್ಸಿಡೆಂಟ್‌ದಲ್ಲ ಅಂದೋರು ನೀವೇ ಮೊದಲು.” ಆಮೇಲೆ ಬರೆಯತೊಡಗಿದರು. “ನಿಮ್ಮ ಮಾತು ನಂಬ್ತೀನಿ. ಹಿಂದಿನ ಡ್ಯಾಮೇಜಿಗೆ ಕ್ಲೇಮ್ ಬರೀತೀನಿ. ಬಾನೆಟ್ ನಿಮ್ಮ ಖರ್ಚು. ಇವತ್ತೇ ಸ್ಟೇಷನ್‌ಗೆ ಹೋಗಿ ಇದ್ದದ್ದು ಇದ್ದಂಗೆ ಕಂಪ್ಲೇಂಟ್ ಕೊಡಿ. ಈ ಸಾಕ್ಷಿಗಳನ್ನ ಮಾತ್ರ ಕರ್ಕೊಂಡು ಹೋಗ್ಬೇಡಿ.”

ಸಂಜೆ ಸ್ಟೇಷನ್ನಿನಿಂದ ಹೊರಬಂದು ಶ್ರೀರಾಮಪ್ಪ ಮಗಳಿಗೆ ಫೋನು ಮಾಡಿದ.

“ಬುಧವಾರ ಕಾರಲ್ಲೇ ಬರ್ತೀನಿ ಕಣಮ್ಮ. ಮುಂದ್ಗಡೆ ನೋಡಿ ಗಾಬರಿ ಆಗ್ಬೇಡ. ನೀನು ಕೂತ್ಕೊಳೋ ಹಿಂದ್ಗಡೆಯೆಲ್ಲಾ ಹೊಸದಾಗಿರ್ತದೆ.”