ಆನೆಯಣ್ಣನ ಹೆಂಡತಿ

“ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ ಅಮ್ಮ. ಇಲ್ಲಾಂದ್ರೆ ಬೂದಿಯೆಲ್ಲ ವಾಪಸ್ ನಿಮ್ಮ ಮುಖಕ್ಕೇ ಬರುತ್ತೆ,” ಎಂದ ಮೇಸ್ತ್ರಿ.

“ಬದುಕಿದ್ದಾಗಲೂ ನನ್ನ ಪಾಲಿಗೆ ಬಂದಿದ್ದು ಅಷ್ಟೇ ಬಿಡಿ,” ಎಂದಳು ಅವಳು.

ಹಡಗಿನ ಹಿಂಬದಿಯ ಕಟಕಟೆಯ ಹತ್ತಿರ ಖಾಲಿ ಟೀ ಡಬ್ಬಿ ಹಿಡಿದು ಅಭ್ಯಾಸ ನಡೆದಿತ್ತು. ಮುಚ್ಚಳ ಹೀಗೆ ತೆಗೆಯಬೇಕು, ಕೈ ಇಷ್ಟು ಕೆಳಗೆ ಚಾಚಬೇಕು. ಮೇಸ್ತ್ರಿಯೆಂದರೆ ಹಡಗಿನ ಕೋಣೆ ಗುಡಿಸುವವರಿಗೆಲ್ಲ ಮುಖ್ಯಸ್ಥ. ತೀರಿಕೊಂಡವನ ಹಳೆಯ ಜೊತೆಗಾರ. ಅವನೇ ಮಾಡಿ ಮುಗಿಸಬಹುದಿತ್ತು. ಆದರೆ ಕಂಪನಿಯ ಕಾಯಿದೆ ಬೇರೆ: ಬೂದಿಯನ್ನು ಹೆಂಡತಿಯೇ ಬಿಡಬೇಕು, ಹಡಗಿನವರು ಯಾರೂ ಮುಟ್ಟುವ ಹಾಗಿಲ್ಲ.

ಆವತ್ತು ಇಡೀ ದಿನ ಸಮುದ್ರದಲ್ಲೇ. ಯಾವ ದಿಕ್ಕಿಗೂ ಎರಡು ದಿನ ನೆಲವಿಲ್ಲ. ಬಾಗಿಲ ಕೆಳಗಿಂದ ತೂರಿಸಿದ್ದ ಹಾಳೆಯಲ್ಲಿ ಹತ್ತಕ್ಕೆ ನೃತ್ಯದ ಪಾಠ, ಹನ್ನೊಂದಕ್ಕೆ ಇಸ್ಪೀಟು ಎಂದೆಲ್ಲ ಅಚ್ಚಾಗಿತ್ತು. ನಾಲ್ಕು ಗಂಟೆಯ ಅಂತ್ಯಕ್ರಿಯೆ ಮಾತ್ರ ಅದರಲ್ಲಿರಲಿಲ್ಲ. ಮಜಾ ಮಾಡಲು ಬಂದವರ ಕಣ್ಣಿಗೆ ಸಾವು ಬೀಳಬಾರದಲ್ಲ!

ಗಂಡ ಇದೇ ಹಡಗಿನಲ್ಲಿ ಮೂವತ್ತೊಂದು ವರ್ಷ ಕೋಣೆ ಗುಡಿಸಿದ್ದ. ನಿವೃತ್ತನಾಗಿ ಎರಡು ವರ್ಷ ಮನೆಯಲ್ಲಿ ಕೂತು, ನೆಲ ಅಲುಗುವುದಿಲ್ಲ, ನಿದ್ದೆ ಬರುವುದಿಲ್ಲ ಎಂದು ಗೊಣಗಿ, ಹೋದ ತಿಂಗಳು ಸತ್ತ. ನೆಲ ಕಾಣದ ಕಡೆ ತನ್ನ ಬೂದಿಯನ್ನು ಬಿಡಬೇಕೆಂದು ಬರೆದಿಟ್ಟಿದ್ದ. ‘ಒಂದು ಸಲ ನಿನ್ನನ್ನೂ ಕರ್ಕೊಂಡು ಹೋಗ್ತೀನಿ’ ಎಂದು ಜೀವನವಿಡೀ ಮೂಗಿಗೆ ತುಪ್ಪ ಸವರಿದವನು ಕೊನೆಗೂ ಕರೆದುಕೊಂಡು ಬಂದಿದ್ದ, ತಾನು ಡಬ್ಬಿಯೊಳಗೆ ಕೂತು. ಅವಳಿಗೆ ಸಿಟ್ಟಿತ್ತು. ಆದರೂ ಕೇಳಿದ್ದನ್ನು ಕೊಟ್ಟು ಕೈತೊಳೆದುಕೊಂಡರಾಯಿತು ಎಂದೇ ಬಂದಿದ್ದಳು.

ಕೋಣೆಗೆ ಮರಳಿದಾಗ ಮಗಳು ಮಂಚದ ಮೇಲಿದ್ದ ಟವೆಲ್ಲಿನ ಆನೆಯನ್ನು ನೋಡುತ್ತ ಕೂತಿದ್ದಳು. ಸೊಂಡಿಲು, ಕಿವಿ, ಎಲ್ಲ ಬರೀ ಮಡಿಕೆಯಲ್ಲೇ ಮೂಡಿದ್ದವು.

“ಆನೆಯಣ್ಣ ಕಲಿಸಿಕೊಟ್ಟಿದ್ದು,” ಎಂದ ಜೊತೆಗೆ ಬಂದಿದ್ದ ಮೇಸ್ತ್ರಿ.

“ಯಾರಪ್ಪ ಅದು ಆನೆಯಣ್ಣ?”

“ಅಯ್ಯೋ, ನಿಮ್ಮ ಯಜಮಾನ್ರೇ! ಹಡಗಲ್ಲಿ ಯಾವ ಮಗು ಮುಖ ಸಪ್ಪಗೆ ಮಾಡಿದ್ರೂ ಅದರ ಮಂಚದ ಮೇಲೆ ಒಂದು ಆನೆ ಕೂತಿರೋದು.”

ಮಗಳು ಆನೆಯ ಕಿವಿ ಮುಟ್ಟಿದಳು. ವಯಸ್ಸು ಮೂವತ್ತೈದು. “ನನಗೆ ಒಂದೂ ಮಾಡಿಕೊಡಲಿಲ್ಲ ಅಲ್ವಾಮ್ಮ,” ಎಂದಳು.

“ಕುಡಿದ ಲೋಟ ಎತ್ತಿಟ್ಟವರಲ್ಲ, ಇನ್ನು ಆನೆಯಂತೆ!”

*

ಮಗಳಿಗೆ ಆಗ ಏಳು ವರ್ಷ. ಮೆಟ್ಟಿಲಿಂದ ಉರುಳಿ ತೊಡೆಯ ಮೂಳೆ ಮುರಿದಿತ್ತು. ಸೊಂಟದಿಂದ ಹೆಬ್ಬೆರಳಿನವರೆಗೆ ಪ್ಲಾಸ್ಟರ್. ಬಾಡಿಗೆ ಮನೆ ಎರಡನೇ ಮಹಡಿಯಲ್ಲಿ. ಎರಡು ತಿಂಗಳು ಮಗುವನ್ನೂ ಪ್ಲಾಸ್ಟರನ್ನೂ ಹೊತ್ತು ಇಳಿದು ಹತ್ತಿದ್ದು ಅವಳ ಸೊಂಟ. ಗಂಡ ಯಾವುದೋ ಬಂದರಿನಿಂದ ಫೋನು ಮಾಡಿದ್ದ.

“ರಜೆ ಕೊಡ್ತಿಲ್ಲ ಕಣೇ. ಕೈಕಾಲು ಹಿಡ್ಕೊಂಡೆ. ಆ ಕ್ಯಾಪ್ಟನ್ನು ಮನುಷ್ಯನಲ್ಲ, ಕಲ್ಲು.”

“ಮಗು ಅಪ್ಪ ಅಪ್ಪ ಅಂತ ಅಳ್ತಾ ಇದೆ ರೀ.”

“ಏನು ಮಾಡ್ಲಿ ಹೇಳು?”

ಮುಖವನ್ನೇ ನೋಡದ ಆ ಕ್ಯಾಪ್ಟನ್ನಿಗೆ ಅವಳು ಒಂದೊಂದು ಮೆಟ್ಟಿಲಿಗೂ ಒಂದೊಂದು ಶಾಪ ಹಾಕಿದಳು. ನಿನ್ನ ವಂಶ ನಿರ್ವಂಶವಾಗ, ನಿನ್ನ ಮನೆ ಹಾಳಾಗ. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಮಗಳು ಇವತ್ತಿಗೂ ಒಂದು ಕಾಲು ಎಳೆದೇ ನಡೆಯುತ್ತಾಳೆ.

*

ಮೂರು ಗಂಟೆಗೆ ಚಹಾದ ಹೊತ್ತಿನಲ್ಲಿ ಮುದುಕಿಯೊಬ್ಬಳು ಬಂದು ಅವಳ ಕೈ ಹಿಡಿದುಕೊಂಡಳು. ವರ್ಷಾವರ್ಷ ಇದೇ ಹಡಗಿನಲ್ಲಿ ಪ್ರಯಾಣ ಮಾಡುವವಳಂತೆ.

“ನಿಮ್ಮ ಯಜಮಾನರು ದೇವರಂಥವರು. ನಮ್ಮವರು ಇಲ್ಲೇ ಬಿದ್ದು ಕೈ ಮುರ್ಕೊಂಡಿದ್ರು. ಊಟ, ಸ್ನಾನ, ಎಲ್ಲ ಅವರೇ ಮಾಡಿಸಿದ್ದು.”

“ಅಷ್ಟೇನಾ?” ಎಂದ ಪಕ್ಕದಲ್ಲೇ ನಿಂತಿದ್ದ ಮೇಸ್ತ್ರಿ, ಹುರುಪಿನಿಂದ. “ಆವತ್ತು ಅಣ್ಣಂಗೆ ರಜೆ ಮಂಜೂರಾಗಿತ್ತು. ಪೆಟ್ಟಿಗೆ ಕಟ್ಟಿ ಆಗಿತ್ತು. ‘ನೀವಿಲ್ಲದಿದ್ರೆ ಹೇಗಪ್ಪಾ’ ಅಂತ ಈ ಅಮ್ಮ ಅಂದಿದ್ದೇ ತಡ, ರಜೆ ನನಗೆ ಬಿಟ್ಟುಕೊಟ್ಟು ‘ನೀನು ಹೋಗಿ ಬಾ’ ಅಂದ್ರು. ಅದೇ ರಜೆಯಲ್ಲಿ ನಾನು ಊರಿಗೆ ಹೋಗಿ ಮದುವೆ ಮಾಡ್ಕೊಂಡು ಬಂದೆ! ಎಂಥ ದೊಡ್ಡ ಮನಸ್ಸು ನೋಡಿ.”

ಅವಳು ಬಟ್ಟಲನ್ನು ಕೆಳಗಿಟ್ಟಳು. “ನಿಮ್ಮ ಮದುವೆಯಾಗಿ ಎಷ್ಟು ವರ್ಷವಾಯ್ತು?”

“ಇಪ್ಪತ್ತೆಂಟು, ಅಮ್ಮ.”

ಮಗಳು ತಲೆ ತಗ್ಗಿಸಿದಳು. ಇಪ್ಪತ್ತೆಂಟು ಮತ್ತು ಏಳು ಎಷ್ಟೆಂದು ಇಬ್ಬರಿಗೂ ಗೊತ್ತಿತ್ತು.

“ನೋಡಿದ್ಯೇನೇ?” ಎಂದಳು ತಾಯಿ. ದನಿ ಏರಲಿಲ್ಲ. “ಇಷ್ಟು ವರ್ಷ ಇನ್ಯಾರದೋ ಮನೆ ಬಾಗಿಲಿಗೆ ಮಣ್ಣು ತೂರಿದ್ದೀನಿ. ಕಳ್ಳ ನನ್ನ ಹಾಸಿಗೆಯಲ್ಲೇ ಮಲಗಿದ್ದ.”

“ಅಮ್ಮ, ಅವರು ಸತ್ತಿದಾರೆ.”

“ಸತ್ರೆ? ಸತ್ತರೆ ಸುಳ್ಳೂ ಸಾಯುತ್ತಾ?”

ಎಷ್ಟೋ ವರ್ಷದ ಮೇಲೆ ಅವಳ ಬೆನ್ನು ನೆಟ್ಟಗಾಯಿತು.

ನಾಲ್ಕಕ್ಕೆ ಹಡಗು ನಿಧಾನಿಸಿತು. ಕೋಣೆ ಗುಡಿಸುವ ಮೂವತ್ತು ಜನ ಬಿಳಿ ಅಂಗಿ ತೊಟ್ಟು ಸಾಲಾಗಿ ನಿಂತರು. ಅವರಿಗೆ ಸಿಕ್ಕಿದ್ದು ಹದಿನೈದು ನಿಮಿಷದ ಬಿಡುವು. ಕ್ಯಾಪ್ಟನ್ ಇನ್ನೂ ಎಳೆಯ ವಯಸ್ಸಿನವನು, ಟೋಪಿ ತೆಗೆದು ನಾಲ್ಕು ಒಳ್ಳೆಯ ಮಾತಾಡಿದ. ಮೂಗು ಸೀಟುವ ಸದ್ದು ಕೇಳಿಸಿತು. ಅವಳು ಗಾಳಿಗೆ ಬೆನ್ನು ಕೊಟ್ಟು ನಿಂತಳು. ಮುಚ್ಚಳ ತೆಗೆದಳು, ಒಳಗೆ ನೋಡಿದಳು, ಮತ್ತೆ ಬಿಗಿಯಾಗಿ ತಿರುಗಿಸಿ ಮುಚ್ಚಿದಳು.

“ಕೊಡಲ್ಲ,” ಎಂದಳು.

ಕ್ಯಾಪ್ಟನ್ ತಡವರಿಸಿದ. “ಅಮ್ಮ, ಅದು ಅವರ ಕೊನೇ ಆಸೆ...”

“ಆಸೆ ನನಗೂ ಇತ್ತಪ್ಪ. ಇಟ್ಕೊಂಡವಳು ಇರೋತನಕ, ಕಟ್ಕೊಂಡವಳು ಕೊನೇತನಕ ಅಂತಾರೆ. ನಿಮ್ಮ ಹಡಗು ಇವನನ್ನ ಇರೋತನಕ ಇಟ್ಕೊಂಡಾಯ್ತು. ಇನ್ನು ಇವನು ನನ್ನೋನು.”

ಬೆಳಿಗ್ಗೆಯವರೆಗೆ ‘ಅವರು’ ಆಗಿದ್ದವನು ಈಗ ‘ಇವನು’ ಆಗಿದ್ದ.

ಮೇಸ್ತ್ರಿಯ ಕಣ್ಣಲ್ಲಿ ನೀರು. “ತಪ್ಪಾಯ್ತು ತಾಯಿ. ನಾನು ಬಾಯಿ ಬಿಡಬಾರದಿತ್ತು. ಅಣ್ಣ ಏನು ಮಾಡಿದ್ರೂ... ಈ ನೀರು ಬಿಟ್ರೆ ಅವರಿಗೆ ಬೇರೇನೂ ಬೇಕಿರಲಿಲ್ಲ.”

“ಅದಕ್ಕೇ ಕೊಡಲ್ಲ ಅಂದಿದ್ದು. ನೀನು ಹೇಳಿದ್ದು ಒಳ್ಳೇದೇ ಆಯ್ತಪ್ಪ. ಇಲ್ಲದಿದ್ರೆ ಸತ್ತ ಮೇಲೂ ಇವನೇ ಗೆದ್ದುಬಿಡ್ತಿದ್ದ. ನಮ್ಮೂರಲ್ಲಿ ಸಮುದ್ರ ಹಾಗಿರಲಿ, ಒಂದು ಕೆರೆಯೂ ಇಲ್ಲ. ಒಣ ನೆಲದಲ್ಲಿ ಹೂತು ಮೇಲೊಂದು ಚಪ್ಪಡಿ ಎಳೆಸ್ತೀನಿ.”

“ಅಮ್ಮ, ಬಿಟ್ಬಿಡಮ್ಮ,” ಎಂದಳು ಮಗಳು. “ಕಾಲು ನಂದು. ನಾನೇ ಮರೆತಿದ್ದೀನಿ.”

“ನೀನು ಮರೆತುಬಿಡು ತಾಯಿ. ನಿನ್ನ ಹೊತ್ತೋಳು ನಾನು, ನಾನು ಮರೆಯಲ್ಲ.”

ಅವಳು ಡಬ್ಬಿಯನ್ನು ಸೊಂಟಕ್ಕೇರಿಸಿಕೊಂಡು ಬಿಳಿ ಅಂಗಿಗಳ ನಡುವೆ ಹಾದು ಹೋದಳು. ಹದಿನೈದು ನಿಮಿಷ ಮುಗಿಯುತ್ತ ಬಂದಿತ್ತು. ಒಬ್ಬೊಬ್ಬರೇ ಕೆಲಸಕ್ಕೆ ಹೊರಟರು. ಕೆಳಗೆ ಎಂಜಿನ್ನು ಮತ್ತೆ ಜೋರಾಯಿತು.

ಕೋಣೆಯಲ್ಲಿ ಅವಳು ಡಬ್ಬಿಯನ್ನು ಮಂಚದ ಮೇಲಿಟ್ಟು ಕಿಟಕಿಯ ಪರದೆಗಳನ್ನು ಎಳೆದಳು. ನಡುವೆ ಇನ್ನೂ ಒಂದು ಎಳೆಯಷ್ಟು ನೀಲಿ ಕಾಣುತ್ತಿತ್ತು. ತಲೆಯಿಂದ ಪಿನ್ನೊಂದನ್ನು ಕಿತ್ತು ಎರಡೂ ಅಂಚುಗಳನ್ನು ಸೇರಿಸಿ ಚುಚ್ಚಿದಳು.