ಒದ್ದು ಚೆದುರಿಸಿದ ಗಡಿಕಲ್ಲು

ನನ್ನ ಬೂಟಿನ ಸುದ್ದಿಯನ್ನು ಇದುವರೆಗೆ ಯಾರೂ ಕೇಳಿಲ್ಲ. ಆದರೂ ಹೇಳುತ್ತೇನೆ, ಹೇಳದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ.

೧೯೫೩. ನಮ್ಮ ಯುಕತಾನ್ ಸೀಮೆಯಲ್ಲಿ ವಿಶ್ವವಿದ್ಯಾಲಯದವರು ಪಟ್ಟಣದಾಚೆ ಕೃಷಿ ಶಾಲೆ ಕಟ್ಟಲು ಜಾಗ ಅಳೆಸುತ್ತಿದ್ದರು. ನಾನು ಅಳತೆಯ ಸರಪಳಿ ಹಿಡಿಯುವವನು. ನಕ್ಷೆ ಮುಗಿದರೆ ನಿನ್ನ ಕೆಲಸ ಕಾಯಂ ಎಂದಿದ್ದರು ಇಂಜಿನಿಯರ್. ಕಾಡಾದರೆ ನಕ್ಷೆಗೆ ಸೇರಿಸು, ಹೊಲದ ಗುರುತಿದ್ದರೆ ಬಿಡು, ಇಷ್ಟೇ ಅಪ್ಪಣೆ.

ನಮ್ಮಲ್ಲಿ ಎರಡು ವರ್ಷ ಮುಸುಕಿನ ಜೋಳ ಬೆಳೆದ ಹೊಲವನ್ನು ಹತ್ತು ಹನ್ನೆರಡು ವರ್ಷ ಹಾಗೇ ಮಲಗಲು ಬಿಡುತ್ತಾರೆ. ಗಿಡಗಂಟಿ ಬೆಳೆದು ಥೇಟ್ ಕಾಡೇ ಆಗುತ್ತದೆ. ಮೂಲೆಗಳಲ್ಲಿ ಪೇರಿಸಿಟ್ಟ ಸುಣ್ಣಕಲ್ಲಿನ ಗುಡ್ಡೆಗಳಷ್ಟೇ ಒಡೆಯನ ಗುರುತು. ಪಟ್ಟಣದ ಇಂಜಿನಿಯರಿಗೆ ಇದು ಗೊತ್ತಿಲ್ಲ ಸರಿ, ಹೊಲದವನ ಮಗನಾದ ನನಗೆ ಗೊತ್ತಿರಲಿಲ್ಲವೇ?

ಒಂದು ಬೆಳಿಗ್ಗೆ ಪೊದೆ ಸರಿಸಿದಾಗ ಅಂಥದೊಂದು ಗುಡ್ಡೆ ಕಂಡಿತು. ಅಪ್ಪನ ಗೆಳೆಯ ದೋನ್ ಸಿರಿಯಾಕೊನದು. ಚಿಕ್ಕಂದಿನಲ್ಲಿ ಅದರ ಪಕ್ಕದಲ್ಲೇ ಕೂತು ಅವನ ಸೋರೆಬುರುಡೆಯಿಂದ ಜೋಳದ ಅಂಬಲಿ ಕುಡಿದಿದ್ದೆ. ಈ ಹೊಲ ಬಿಟ್ಟರೆ ನಕ್ಷೆ ಮತ್ತೆ ಮೊದಲಿನಿಂದ.

"ಏನಯ್ಯಾ, ಏನಾದ್ರೂ ಸಿಕ್ತಾ?" ಇಂಜಿನಿಯರ್ ಹಿಂದಿನಿಂದ ಕೂಗಿದರು.

"ಏನಿಲ್ಲ ಸಾರ್, ಬರೀ ಕಾಡು."

ಹೇಳುತ್ತಲೇ ಗುಡ್ಡೆಯನ್ನು ಒದ್ದು ಚೆದುರಿಸಿದೆ. ಆಮೇಲೆ ಉಳಿದ ಮೂರನ್ನೂ. ನನ್ನ ಕಾಲು ಸೇದಿಹೋಗಬಾರದಿತ್ತೇ.

ಮಧ್ಯಾಹ್ನ ಸುದ್ದಿ ತಿಳಿದು ದೋನ್ ಸಿರಿಯಾಕೊ ಓಡೋಡಿ ಬಂದ. "ಸ್ವಾಮಿ, ಬರೋ ವರ್ಷ ಇಲ್ಲಿ ಬಿತ್ತಬೇಕು. ಮನೇಲಿ ಒಂಬತ್ತು ಜನ, ಬೇರೆ ಹೊಲ ಇಲ್ಲ. ನಾಲ್ಕು ಮೂಲೇಲೂ ಕಲ್ಲಿಟ್ಟಿದೀನಿ."

"ತೋರಿಸಪ್ಪಾ ಮತ್ತೆ. ಕಾಡೆಲ್ಲ ನಂದೇ ಅಂತ ಬರೋರಿಗೇನು ಕಮ್ಮಿ ಇಲ್ಲ," ಎಂದರು ಇಂಜಿನಿಯರ್.

ಮುದುಕ ಮೂಲೆಯಿಂದ ಮೂಲೆಗೆ ಅಲೆದ. "ಇಲ್ಲೇ ಇತ್ತು, ಮೊನ್ನೆ ನೋಡಿದೀನಿ." ಕೊನೆಗೆ ನನ್ನ ಮುಂದೆ ಬಂದು ನಿಂತ. "ನೀನಾದ್ರೂ ಹೇಳು ಮಗಾ. ನಿಂಗೊತ್ತಲ್ಲ?"

ನಾನು ಸರಪಳಿ ಸುತ್ತುತ್ತ ನಿಂತೆ. ಆಗ ಅವನ ಕಣ್ಣು ನನ್ನ ಬೂಟಿನ ಮೇಲೆ ಬಿತ್ತು. ತುದಿಯೆಲ್ಲ ಸುಣ್ಣಕಲ್ಲಿನ ಬಿಳಿ ಪುಡಿ. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು.

ಅವನು ಬೈಯಲಿಲ್ಲ. ಹ್ಯಾಟು ತಲೆಗಿಟ್ಟುಕೊಂಡು, ಇಂಜಿನಿಯರಿಗೆ ಕೇಳಿಸದಂತೆ ಹೇಳಿದ, "ನಿಮ್ಮಪ್ಪಂಗೆ ನಾನು ಹೇಳಲ್ಲ ಬಿಡು. ಅವನು ತಡ್ಕೊಳ್ಳಲ್ಲ."

ನನ್ನ ಕೆಲಸ ಕಾಯಂ ಆಯಿತು. ಅವನು ಕಂಡವರ ಹೊಲದಲ್ಲಿ ಕೂಲಿಗೆ ಹೋದ. ಅಪ್ಪ ಸಾಯುವ ತನಕ, ಆ ಶಾಲೆಯ ಜಾಗ ಅಳೆದವನು ನನ್ನ ಮಗ ಎಂದು ಊರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದ. ಪಕ್ಕದಲ್ಲಿ ಕೂತ ದೋನ್ ಸಿರಿಯಾಕೊ ಹೌದು ಹೌದು ಎಂದು ತಲೆಯಾಡಿಸುತ್ತಿದ್ದ.